ಹಳೆಯ ದನಿ, ಹೊಸ ಗಂಟಲು

ಕಳೆದ ಭಾನುವಾರ ಬೆಳಗ್ಗೆ ನನ್ನ ಕಾಫಿ ಇನ್ನೂ ಅರ್ಧ ಲೋಟ ಉಳಿದಿದ್ದಿತು. ಅಷ್ಟರಲ್ಲಿ ತಂಗಿಯ ಮಗ ಬಂದ. ಬೆನ್ನಿಗೆ ಬಿಗಿದುಕೊಂಡಿದ್ದ ಗಿಟಾರನ್ನು ಬಿಚ್ಚಿ, ನಮ್ಮ ನಡುಮನೆಯ ಗೋಡೆಗೆ ಮೆಲ್ಲನೆ ಒರಗಿಸಿ, “ಮಾವ, ಇದು ಇನ್ನು ಮೇಲೆ ನಿಮ್ಮಲ್ಲೇ ಇರಲಿ. ಮನೆಯಲ್ಲಿದ್ದರೆ ಕಣ್ಣಿಗೆ ಬೀಳುತ್ತಿರುತ್ತದೆ” ಎಂದ. ಸಾಕಿದ ಕರುವನ್ನು ಕೊಟ್ಟುಬಿಟ್ಟು ಹೋಗಲು ಬಂದವನ ಮುಖದಂತಿತ್ತು ಅವನ ಮುಖ.

ವಿಚಾರಿಸಲಾಗಿ ತಿಳಿದದ್ದು ಇಷ್ಟು. ಅವನೂ ಅವನ ಮೂವರು ಗೆಳೆಯರೂ ಸೇರಿ ರಾಕ್ ಸಂಗೀತದ ತಂಡವೊಂದನ್ನು ಕಟ್ಟಿದ್ದಾರೆ. ಆರು ತಿಂಗಳು ಒಂದು ಕಾರ್ ಶೆಡ್ಡಿನಲ್ಲಿ ಬೆವರು ಸುರಿಸಿ ಮೂರು ಸ್ವಂತ ಹಾಡುಗಳನ್ನು ಮಾಡಿ, ಒಂದು ಕಾಲೇಜಿನ ಸ್ಪರ್ಧೆಯಲ್ಲಿ ಹಾಡಿದರು. ತೀರ್ಪುಗಾರರು ಎಲ್ಲವನ್ನೂ ಕೇಳಿ, “ಕೈ ಚೆನ್ನಾಗಿದೆ. ಆದರೆ ಇದನ್ನೆಲ್ಲ ನಾವು ಐವತ್ತು ವರ್ಷಗಳ ಹಿಂದೆಯೇ ಕೇಳಿ ಮುಗಿಸಿದ್ದೇವೆ. ಇದರಲ್ಲಿ ನಿಮ್ಮದೇನಿದೆ?” ಎಂದರಂತೆ. ಇಷ್ಟೇ ಆಗಿದ್ದರೆ ಹುಡುಗ ಸಹಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಮೊದಲ ಬಹುಮಾನ ಹೋದದ್ದು, 1970ರ ದಶಕದ ಹೆಸರಾಂತ ಹಾಡುಗಳನ್ನು ಒಂದು ಸ್ವರವೂ ತಪ್ಪದಂತೆ ಬಾರಿಸಿದ ಇನ್ನೊಂದು ತಂಡಕ್ಕೆ!

“ಹಳೆಯದನ್ನು ಹಾಗೆಯೇ ಬಾರಿಸಿದವರಿಗೆ ಬಹುಮಾನ, ಹಳೆಯದರ ಹಾಗೆ ಹೊಸದನ್ನು ಮಾಡಿದವರಿಗೆ ಬೈಗುಳ. ಇದು ಯಾವ ನ್ಯಾಯ ಮಾವ?” ಎಂದು ಅವನು ಕೇಳಿದಾಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿಯೂ ಅವನಿಗೆ ಆಸರೆ ದೊರೆತಿಲ್ಲ. ಅವನ ತಂದೆ 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಚೇರಿಯನ್ನು ಕಣ್ಣಾರೆ ಕಂಡು ಬಂದವರು. ಆ ರಾತ್ರಿಯ ಅನಂತರ ಜಗತ್ತಿನಲ್ಲಿ ರಾಕ್ ಎಂಬುದೇ ನಡೆದಿಲ್ಲವೆಂಬುದು ಅವರ ದೃಢವಾದ ನಂಬಿಕೆ. “ಅಸಲು ಇರುವಾಗ ನಕಲು ಏಕೆ ಭಾವ?” ಎಂದು ನನ್ನನ್ನೇ ಒಮ್ಮೆ ಕೇಳಿದ್ದರು.

ಈ ಅಂಕಣದ ಓದುಗರು ಬಲ್ಲಂತೆ ನಾನು ಸಂಗೀತಶಾಸ್ತ್ರ ಓದಿದವನಲ್ಲ. ನನ್ನ ಕಿವಿ ಪಳಗಿದ್ದು ರಾಮೋತ್ಸವದ ಚಪ್ಪರಗಳಲ್ಲಿ. ರಾಕ್ ಸಂಗೀತವನ್ನು ನಾನು ಕೇಳಿದ್ದೆಲ್ಲ ಈ ಹುಡುಗನ ಬಲವಂತದಿಂದ, ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳುವ ಮನಸ್ಸಿನಿಂದ, ಆಮೇಲೆ ಕುತೂಹಲದಿಂದ. ಆದರೂ ಅವನ ಪ್ರಶ್ನೆ ಒಂದು ವಾರ ನನ್ನನ್ನು ಬಿಡದೆ ಕಾಡಿದ ಕಾರಣ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ತಂಡದ ಸಂಗೀತ ಹಿಂದೆಂದೂ ಕೇಳದಂತಹುದಾಗಿರಬೇಕೇ? ಹಿಂದಿನವರ ದನಿ ಅದರಲ್ಲಿ ಮರುಕೊಟ್ಟರೆ ಅದು ದೋಷವೇ?

ರಾಕ್ ಎಂದರೆ ಬರಿಯ ಗದ್ದಲವೆಂದು ತಿಳಿದಿರುವ ಹಿರಿಯರಿಗಾಗಿ ಮೊದಲು ಎರಡು ಮಾತು. ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರು ತಮ್ಮ ದುಃಖವನ್ನು ಹಾಡಿಕೊಂಡ ಒಂದು ಬಗೆ ಉಂಟು. ಅದಕ್ಕೆ ‘ಬ್ಲೂಸ್’ ಎಂದು ಹೆಸರು. ಅದರ ಕಟ್ಟು ಬಲು ಸರಳ: ಹನ್ನೆರಡು ಆವರ್ತಗಳ ಒಂದು ಚೌಕಟ್ಟು, ಮುಖ್ಯವಾಗಿ ಮೂರೇ ಸ್ವರಗುಚ್ಛಗಳು. ಮೊದಲ ಸಾಲನ್ನು ಎರಡು ಸಲ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡುವುದು ವಾಡಿಕೆ. ಈ ಚೌಕಟ್ಟಿನೊಳಗೆ ಸಾವಿರಾರು ಹಾಡುಗಳು ಹುಟ್ಟಿವೆ. ರಾಕ್ ಸಂಗೀತದ ಹೆತ್ತತಾಯಿಯರಲ್ಲಿ ಇದೇ ಮುಖ್ಯವಾದುದು. ಭಾಮಿನಿ ಷಟ್ಪದಿಯಲ್ಲಿ ಬರೆದವನನ್ನು, “ನಿನ್ನ ಛಂದಸ್ಸು ಹಳೆಯದಾಯಿತಲ್ಲ!” ಎಂದು ನಾವು ದೂರುವುದುಂಟೇ? ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನು ತಿಣುಕಿದನೆಂದು ನಗೆಯಾಡಿದ ಗದುಗಿನ ನಾರಣಪ್ಪ ತಾನು ಕೈಗೆತ್ತಿಕೊಂಡದ್ದು ಭಾರತವನ್ನು. ವ್ಯಾಸರು ಹೇಳಿದ, ಕನ್ನಡದಲ್ಲಿ ಪಂಪನೂ ಆಗಲೇ ಹೇಳಿ ಮುಗಿಸಿದ್ದ ಕಥೆಯನ್ನು.

ಅದಿರಲಿ. ನನ್ನ ಅಳಿಯನ ತಂದೆಯವರು ‘ಅಸಲು’ ಎಂದು ಕೈಮುಗಿಯುವ ರೋಲಿಂಗ್ ಸ್ಟೋನ್ಸ್ ತಂಡದ ಕಥೆಯನ್ನೇ ನೋಡೋಣ.

1961ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಹೊರವಲಯದ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜ್ಯಾಗರ್, ಕೀತ್ ರಿಚರ್ಡ್ಸ್ ಎಂಬ ಇಬ್ಬರು ತರುಣರು ಸಂಧಿಸಿದರು. ಬಾಲ್ಯದಲ್ಲಿ ಪರಿಚಯವಿದ್ದು ಆಮೇಲೆ ಅಗಲಿಹೋಗಿದ್ದವರು. ಜ್ಯಾಗರ್ ಕಂಕುಳಲ್ಲಿ ಗ್ರಾಮಫೋನ್ ತಟ್ಟೆಗಳಿದ್ದವು: ಒಂದು ಚಕ್ ಬೆರಿಯದು, ಇನ್ನೊಂದು ಮಡ್ಡಿ ವಾಟರ್ಸನದು. ಅವುಗಳನ್ನು ಕಂಡು ಶುರುವಾದ ಮಾತು 1962ರಲ್ಲಿ ತಂಡವಾಯಿತು. ತಂಡಕ್ಕೆ ಇಟ್ಟ ಹೆಸರೂ ಸ್ವಂತದ್ದಲ್ಲ. ಮಡ್ಡಿ ವಾಟರ್ಸನು 1950ರಲ್ಲಿ ಹಾಡಿದ ಒಂದು ಹಾಡಿನ ಹೆಸರು. ಆ ಹಾಡಾದರೂ ಆತನ ಸ್ವಂತ ಸೃಷ್ಟಿಯೇ ಎಂದರೆ, ಅದೂ ಮಿಸಿಸಿಪಿಯ ಕಡೆ ಮೊದಲೇ ಓಡಾಡುತ್ತಿದ್ದ ಮೀನಿನ ಹಾಡೊಂದರ ಬಳ್ಳಿಗೆ ಹೂಬಿಟ್ಟದ್ದು.

ಮಡ್ಡಿ ವಾಟರ್ಸ್ ಹೊಲದಲ್ಲಿ ಟ್ರ್ಯಾಕ್ಟರು ನಡೆಸುತ್ತಿದ್ದ ಮನುಷ್ಯ. 1941ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಆತನಿದ್ದ ಸ್ಟೋವಲ್ ತೋಟಕ್ಕೆ ಹೋಗಿ ಆತನ ಹಾಡನ್ನು ಮುದ್ರಿಸಿಕೊಂಡಾಗ, ತನ್ನ ದನಿಯನ್ನು ತಾನೇ ಕೇಳಿ, ‘ನಾನೂ ಹಾಡಬಲ್ಲೆ’ ಎಂಬ ಧೈರ್ಯ ಆತನಿಗೆ ಹುಟ್ಟಿತು. ಎರಡು ವರ್ಷಗಳ ಅನಂತರ ಚಿಕಾಗೋ ನಗರಕ್ಕೆ ಹೊರಟ. ಅಲ್ಲಿಯ ಪಾನಗೃಹಗಳ ಗಲಾಟೆಯಲ್ಲಿ ಮರದ ಗಿಟಾರಿನ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ವಿದ್ಯುತ್ ಗಿಟಾರು ಹಿಡಿಯಬೇಕಾಯಿತು. ಹಳ್ಳಿಯ ಹಾಡು ಪಟ್ಟಣದ ಗದ್ದಲವನ್ನು ಸೀಳಿಕೊಂಡು ಬರಬೇಕಾದಾಗ ಅದರ ಸ್ವರೂಪವೇ ಬದಲಾಯಿತು. ಹೊಸತನ್ನು ಮಾಡಿಬಿಡಬೇಕೆಂದು ಆತ ಪಣತೊಟ್ಟು ಕುಳಿತದ್ದರಿಂದ ಬಂದ ಬದಲಾವಣೆಯಲ್ಲ ಇದು. ಕೇಳಿಸಲೇಬೇಕಾಗಿತ್ತು, ಅಷ್ಟೆ.

ಇತ್ತ ಇಂಗ್ಲೆಂಡಿನ ಹುಡುಗರು ಆ ತಟ್ಟೆಗಳನ್ನು ಸವೆಯುವಷ್ಟು ಹಾಕಿ ಹಾಕಿ ಕೇಳಿ, ಹಾಗೆಯೇ ಬಾರಿಸಲು ಹೆಣಗಿದರು. ರಾಬರ್ಟ್ ಜಾನ್ಸನ್ ಎಂಬ ಇನ್ನೊಬ್ಬ ಮಹಾಗಾಯಕನಿದ್ದ. 1936 ಮತ್ತು 1937ರಲ್ಲಿ ಕೇವಲ 29 ಹಾಡುಗಳನ್ನು ಮುದ್ರಿಸಿ, 1938ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡವನು. ಆತನ ಮುದ್ರಿಕೆಯನ್ನು ಮೊದಲ ಬಾರಿ ಕೇಳಿದಾಗ ಕೀತ್ ರಿಚರ್ಡ್ಸ್ ಕೇಳಿದ ಪ್ರಶ್ನೆಯನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ: ಈತನ ಜೊತೆಗೆ ಬಾರಿಸುತ್ತಿರುವ ಆ ಇನ್ನೊಬ್ಬ ಯಾರು? ಇನ್ನೊಬ್ಬನಿರಲಿಲ್ಲ. ಹೆಬ್ಬೆರಳಿನಿಂದ ಮಂದ್ರವನ್ನೂ ಉಳಿದ ಬೆರಳುಗಳಿಂದ ಮೇಲಿನ ಸ್ವರಗಳನ್ನೂ ಒಬ್ಬನೇ ನುಡಿಸುತ್ತಿದ್ದ. ಈ ತಪ್ಪುಗ್ರಹಿಕೆಯಲ್ಲಿಯೇ ಇಡೀ ವಿಷಯದ ಬೀಜವಿದೆಯೆಂದು ನನಗೆ ತೋರುತ್ತದೆ. ಅಲ್ಲಿ ಒಬ್ಬ ಮಾಡಿದ್ದನ್ನು ಇಲ್ಲಿ ಇಬ್ಬರು ಗಿಟಾರುಗಾರರು ಹಂಚಿಕೊಂಡು, ಒಬ್ಬರ ನುಡಿಗೆಯಲ್ಲಿ ಇನ್ನೊಬ್ಬರು ಹೆಣೆದುಕೊಂಡರು. ಮಡ್ಡಿ ವಾಟರ್ಸನಂತೆ ಆಗಲು ಪ್ರಯತ್ನಿಸಿ ಸೋತ ಹುಡುಗರು ರೋಲಿಂಗ್ ಸ್ಟೋನ್ಸ್ ಆದರು. ಗೆದ್ದಿದ್ದರೆ ಅವರ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ.

ಆ ಹುಡುಗರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1964ರಲ್ಲಿ ಅಮೆರಿಕಕ್ಕೆ ಹೋದಾಗ ಅವರು ಚಿಕಾಗೋವಿನಲ್ಲಿ ಚೆಸ್ ಕಂಪೆನಿಯ ಮುದ್ರಣಾಲಯವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಹಾಡಿದರು. ಅವರ ಗುರುಗಳು ಹಾಡಿದ್ದು ಆ ಗೋಡೆಗಳ ನಡುವೆಯೇ. 1965ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಹೌಲಿಂಗ್ ವುಲ್ಫ್ ಎಂಬ ಹಿರಿಯ ಬ್ಲೂಸ್ ಗಾಯಕನನ್ನು ತಮ್ಮೊಡನೆ ಕರೆಸಿ, ಆತ ಹಾಡುವಾಗ ತಾವು ವೇದಿಕೆಯ ಮೇಲೆ ಆತನ ಕಾಲಬಳಿ ಕುಳಿತರು. ಬಿಳಿಯರ ಮಕ್ಕಳು ಕುಣಿಯಲು ನೋಡುತ್ತಿದ್ದ ಕಾರ್ಯಕ್ರಮ ಅದು. ಯಾರಿಂದ ಕಲಿತೆವೆಂಬುದನ್ನು ಬೆರಳು ಮಾಡಿ ತೋರಿಸಿದರು. ಈ ಋಣವನ್ನು ಎಲ್ಲರೂ ಹೀಗೆ ಒಪ್ಪಿಕೊಂಡಿದ್ದರೆ ಈ ಸಂಗೀತದ ಇತಿಹಾಸ ಬೇರೆಯೇ ಆಗುತ್ತಿದ್ದಿತು.

ಒಪ್ಪಿಕೊಳ್ಳದವರ ಕಥೆ ಮನಸ್ಸನ್ನು ನೋಯಿಸುವಂತಹುದು. 1954ರ ಜುಲೈನಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹತ್ತೊಂಬತ್ತರ ತರುಣ ಹಾಡಿದ ಹಾಡು ಜಗತ್ತನ್ನೇ ಅಲುಗಿಸಿತಷ್ಟೆ. ಅದನ್ನು 1946ರಲ್ಲಿಯೇ ರಚಿಸಿ ಹಾಡಿದ್ದವನು ಆರ್ಥರ್ ಕ್ರುಡಪ್ ಎಂಬ ಕರಿಯ ಗಾಯಕ. ಇತರರು ಆ ಹಾಡಿನಿಂದ ಹಣ ಬಾಚಿಕೊಂಡರು. ಆತ ಕೂಲಿ ಮಾಡಿ ಹೊಟ್ಟೆ ಹೊರೆದ. 1974ರಲ್ಲಿ ತೀರಿಕೊಳ್ಳುವವರೆಗೂ ಆತನಿಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ. ಲೆಡ್ ಝೆಪೆಲಿನ್ ಎಂಬ ಮಹಾತಂಡ 1969ರಲ್ಲಿ ಮೊಳಗಿಸಿದ ಅತಿ ಪ್ರಸಿದ್ಧ ಹಾಡೊಂದರಲ್ಲಿ, ವಿಲ್ಲಿ ಡಿಕ್ಸನ್ ರಚಿಸಿ ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ್ದ ಮಾತುಗಳು ಬಂದು ಕುಳಿತಿದ್ದವು. ಡಿಕ್ಸನ್ನನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. 1985ರಲ್ಲಿ ಆತ ನ್ಯಾಯಾಲಯಕ್ಕೆ ಹೋದ. 1987ರಲ್ಲಿ ರಾಜಿಯಾಗಿ ಹೆಸರೂ ಹಣವೂ ದೊರೆತವು. ಚಿಕಾಗೋವಿನ ಆ ಹಳೆಯ ಚೆಸ್ ಕಟ್ಟಡದಲ್ಲಿ ಈಗ ಇರುವುದು ಡಿಕ್ಸನ್ನನು ಸ್ಥಾಪಿಸಿದ ಬ್ಲೂಸ್ ಪ್ರತಿಷ್ಠಾನವೇ.

ಹಾಗೆಂದು ಪ್ರತಿಯೊಂದು ಹೋಲಿಕೆಯನ್ನೂ ಕಳ್ಳತನವೆಂದು ಹಿಡಿದು ನ್ಯಾಯಾಲಯಕ್ಕೆ ಎಳೆದರೆ ಗಿಟಾರು ಮುಟ್ಟುವವರೇ ಇಲ್ಲದಂತಾಗುತ್ತದೆ. ಅದೇ ಲೆಡ್ ಝೆಪೆಲಿನ್ ತಂಡದ 1971ರ ಇನ್ನೊಂದು ಹಾಡಿನ ಆರಂಭ, ಸ್ಪಿರಿಟ್ ಎಂಬ ತಂಡದ 1968ರ ರಚನೆಯಿಂದ ಬಂದುದೆಂದು ದಾವೆ ನಡೆದು, 2016ರಲ್ಲಿ ಪಂಚರು ಅದು ನಕಲಲ್ಲವೆಂದರು. 2020ರಲ್ಲಿ ಮೇಲಿನ ನ್ಯಾಯಾಲಯವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂತಹ ಸ್ವರಸಾಲು ಶತಮಾನಗಳಿಂದ ಯೂರೋಪಿನ ಸಂಗೀತದಲ್ಲಿ ಓಡಾಡುತ್ತಿರುವ ಊರೊಟ್ಟಿನ ಸ್ವತ್ತು. ಊರಬಾವಿಯ ನೀರು ಸೇದಿದವನನ್ನು ಕಳ್ಳನೆನ್ನಲಾಗದು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನರ ಪ್ರಸಂಗ ಇನ್ನೂ ಸೂಕ್ಷ್ಮವಾದುದು. 1970ರಲ್ಲಿ ಅವರು ಹಾಡಿದ ಭಕ್ತಿಗೀತೆಯಲ್ಲಿ ಹರೇ ಕೃಷ್ಣ ನಾಮವೂ ನಮ್ಮ ಗುರುಸ್ತೋತ್ರವೂ ಕೇಳಿಬರುತ್ತವೆ. ಅದರ ಧಾಟಿ ಮಾತ್ರ 1963ರ ಪ್ರೇಮಗೀತೆಯೊಂದರದು! 1976ರಲ್ಲಿ ನ್ಯಾಯಾಧೀಶರು, ಇದು ಬುದ್ಧಿಪೂರ್ವಕವಲ್ಲ, ಒಳಮನಸ್ಸು ಅರಿಯದೆ ಮಾಡಿದ ನಕಲು ಎಂದು ತೀರ್ಮಾನಿಸಿದರು. ಚಿಕ್ಕಂದಿನಲ್ಲಿ ಕೇಳಿದ ಹಾಡು ಎಲ್ಲಿ ಅಡಗಿ ಕುಳಿತಿರುತ್ತದೆಂದು ಬಲ್ಲವರಾರು?

ಋಣದ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ನಡತೆಯೊಂದನ್ನು ಹೇಳುತ್ತೇನೆ. 2021ರಲ್ಲಿ ಒಲಿವಿಯಾ ರೊಡ್ರಿಗೊ ಎಂಬ ಹದಿನೆಂಟರ ಅಮೆರಿಕನ್ ಹುಡುಗಿಯ ಹಾಡೊಂದು ಬಂದಾಗ, ಅದರ ಗಿಟಾರಿನ ನುಡಿ ಎಲ್ವಿಸ್ ಕಾಸ್ಟೆಲೊ ಎಂಬ ಇಂಗ್ಲಿಷ್ ಗಾಯಕರ 1978ರ ಹಾಡಿನಿಂದ ಎತ್ತಿದ್ದೆಂದು ಜನ ಆಕ್ಷೇಪಿಸಿದರು. ಮುನಿಯಬೇಕಾಗಿದ್ದ ಕಾಸ್ಟೆಲೊ ಮುನಿಯಲಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ರಾಕ್ ಸಂಗೀತ ನಡೆದುಬಂದಿರುವುದೇ ಹೀಗೆ, ಒಬ್ಬರ ಮುರಿದ ಚೂರುಗಳಿಂದ ಇನ್ನೊಬ್ಬರು ಹೊಸ ಆಟಿಕೆ ಮಾಡಿಕೊಳ್ಳುತ್ತಾರೆ, ನಾನೂ ಮಾಡಿದ್ದು ಅದನ್ನೇ, ಎಂಬರ್ಥದ ಮಾತು ಬರೆದರು. ಬರೆದು, ತಾವು ಯಾರಿಂದ ಪಡೆದರೆಂಬುದನ್ನೂ ಸೂಚಿಸಿದರು. ಅವರು ಪಡೆದದ್ದು ಬಾಬ್ ಡಿಲನ್ನರ 1965ರ ಹಾಡಿನಿಂದ. ಡಿಲನ್ ಪಡೆದದ್ದು ಚಕ್ ಬೆರಿಯ 1956ರ ಹಾಡಿನಿಂದ. ಅಜ್ಜನ ಪಂಚೆ ಅಪ್ಪನ ಹೆಗಲ ಮೇಲೆ ವಲ್ಲಿಯಾಗಿ, ಮೊಮ್ಮಗಳ ತೊಟ್ಟಿಲಿಗೆ ಹಾಸಾದಂತೆ. ಈ ನಾಲ್ಕು ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿದರೆ ರಕ್ತಸಂಬಂಧ ಗೊತ್ತಾಗುತ್ತದೆ; ಆದರೆ ಒಂದನ್ನು ಇನ್ನೊಂದೆಂದು ಭ್ರಮಿಸಲು ಸಾಧ್ಯವಿಲ್ಲ. ಬೆರಿಯ ಹಾಡಿನಲ್ಲಿರುವುದು ದಿನನಿತ್ಯದ ಜಂಜಾಟದಿಂದ ಬೇಸತ್ತ ದುಡಿಮೆಗಾರ. ರೊಡ್ರಿಗೊಳ ಹಾಡಿನಲ್ಲಿರುವುದು ಹದಿನೇಳರ ವಯಸ್ಸನ್ನು ಎಲ್ಲರೂ ಹೊಗಳುವುದೇಕೆಂದು ತಿಳಿಯದೆ ಕಂಗೆಟ್ಟ ಹುಡುಗಿ.

ಚಕ್ ಬೆರಿಯಾದರೂ ಆಕಾಶದಿಂದ ಉದುರಿದವನೇ? 1958ರ ಆತನ ಅತಿ ಪ್ರಸಿದ್ಧ ಹಾಡಿನ ಮೊದಲ ಗಿಟಾರು ನುಡಿ, ಲೂಯಿ ಜೋರ್ಡನ್ ತಂಡದ ಕಾರ್ಲ್ ಹೋಗನ್ 1946ರಲ್ಲಿ ನುಡಿಸಿದ್ದ ನುಡಿ. ಅದನ್ನು ಬೆರಿ ಬಚ್ಚಿಡಲಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, 1977ರಲ್ಲಿ ಅಮೆರಿಕನ್ನರು ಹಾರಿಸಿದ ವಾಯೇಜರ್ ನೌಕೆಗಳಲ್ಲಿ, ಅನ್ಯಲೋಕದವರು ಯಾರಾದರೂ ಇದ್ದರೆ ಕೇಳಲೆಂದು ಇಟ್ಟ ಚಿನ್ನದ ಲೇಪದ ತಟ್ಟೆಯಲ್ಲಿ ಆ ಹಾಡೂ ಇದೆ. ನಮ್ಮ ಕೇಸರ್‌ಬಾಯಿ ಕೇರ್ಕರ್ ಅವರು ಹಾಡಿದ ಭೈರವಿಯೂ ಇದೆ. ಅದನ್ನು ಕೇಳಿದ ಲೋಕದವರು ಇವುಗಳಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಗೆ ಬಗೆಹರಿಸುವರೋ!

ಇಷ್ಟು ಹೇಳಿದ ಮೇಲೆ ತೀರ್ಪುಗಾರರ ಮಾತಿನಲ್ಲಿ ಹುರುಳೇ ಇಲ್ಲವೆಂದು ತಳ್ಳಿಹಾಕಬಹುದೇ? ಇಲ್ಲ. ಅದೇ ಕಷ್ಟ.

ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ ಫ್ರಾಂಕನ್‌ಮತ್ ಎಂಬ ಸಣ್ಣ ಊರಿದೆ. ಅಲ್ಲಿಯ ಮೂವರು ಅಣ್ಣತಮ್ಮಂದಿರೂ ಅವರ ಗೆಳೆಯನೊಬ್ಬನೂ ಸೇರಿ ಗ್ರೇಟಾ ವ್ಯಾನ್ ಫ್ಲೀಟ್ ಎಂಬ ತಂಡ ಕಟ್ಟಿದ್ದಾರೆ. ಅವರ ಹಾಡು ಕೇಳಿದವರು ಯಾರಾದರೂ ಮೊದಲು ಹೇಳುವ ಮಾತು, “ಇದು ಲೆಡ್ ಝೆಪೆಲಿನ್!” ಎಂದು. 2018ರಲ್ಲಿ ಅವರ ಪೂರ್ಣಪ್ರಮಾಣದ ಮೊದಲ ಮುದ್ರಿಕೆ ಬಂದಾಗ, ಸಂಗೀತ ವಿಮರ್ಶೆಗೆ ಹೆಸರಾದ ಪಿಚ್‌ಫೋರ್ಕ್ ಅದಕ್ಕೆ ಕೊಟ್ಟದ್ದು 10ಕ್ಕೆ 1.6 ಅಂಕ. ಮರುವರ್ಷವೇ ಅವರ ಹಿಂದಿನ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಲೆಡ್ ಝೆಪೆಲಿನ್ನಿನ ಗಾಯಕ ರಾಬರ್ಟ್ ಪ್ಲಾಂಟ್ ಅವರೇ ಆ ಹುಡುಗನ ಕಂಠವನ್ನು ಹೊಗಳಿ, ಅದನ್ನು ತಮಗೆ ಬಹಳ ಚೆನ್ನಾಗಿ ಗೊತ್ತಿರುವ ಒಬ್ಬರಿಂದ ಎರವಲು ಪಡೆದಿದ್ದಾನೆಂದು ಚಟಾಕಿ ಹಾರಿಸಿದರು.

ನನ್ನ ಅಭಿಪ್ರಾಯವನ್ನು ಕೇಳಿದರೆ, 1.6 ಅಂಕ ಕೊಟ್ಟದ್ದು ನಿರ್ದಯ, ಪ್ರಶಸ್ತಿ ಕೊಟ್ಟದ್ದು ಅವಸರ. ಆ ಹುಡುಗರ ಕೈಚಳಕಕ್ಕೆ ಕೊರತೆಯಿಲ್ಲ. ಮೂಲವನ್ನು ಹಿಡಿಯಲು ಹೆಣಗುವ ಶ್ರಮವೇ ಕಾಣುವುದಿಲ್ಲ, ಅಷ್ಟು ಚೆನ್ನಾಗಿ ಹಿಡಿದುಬಿಟ್ಟಿದ್ದಾರೆ. ಅಲ್ಲಿಯೇ ಏನೋ ತಪ್ಪಿದಂತೆ ನನ್ನ ಕಿವಿಗೆ ತೋರುತ್ತದೆ. ರಿಚರ್ಡ್ಸ್ ಕಾಲದಲ್ಲಿ ಗುರುವೆಂದರೆ ಒಂದು ಗೀರುಬಿದ್ದ ತಟ್ಟೆ. ಯಾವ ಬೆರಳು ಎಲ್ಲಿಟ್ಟರೆಂದು ಹೇಳುವವರಿಲ್ಲ, ಊಹಿಸಬೇಕು, ತಪ್ಪಬೇಕು. ಇಂದಿನ ಹುಡುಗನ ಕೈಯಲ್ಲಿರುವ ಫೋನಿನಲ್ಲಿ 1971ರ ಕಚೇರಿಯೂ ಇದೆ, ಆ ಗಿಟಾರಿನ ತಂತಿಯ ದಪ್ಪವೂ ಇದೆ, ಬೆರಳಿಡುವುದನ್ನು ನಿಧಾನವಾಗಿ ತೋರಿಸುವ ಮೇಷ್ಟರೂ ಇದ್ದಾರೆ. ತಪ್ಪುವುದಕ್ಕೆ ಅವಕಾಶವೇ ಇಲ್ಲದಂತಾಗಿದೆ.

ಹಾಗಾದರೆ ಹಿಂದಿನದನ್ನೆಲ್ಲ ಗುಡಿಸಿಹಾಕಿ ಬರಿನೆಲದಿಂದ ಆರಂಭಿಸಿದವರು ಇಲ್ಲವೇ ಎಂದರೆ, ರೇಡಿಯೊಹೆಡ್ ಎಂಬ ಇಂಗ್ಲಿಷ್ ತಂಡವನ್ನು ಹೆಸರಿಸುತ್ತಾರೆ. ಗಿಟಾರಿನಿಂದ ಕೀರ್ತಿ ಗಳಿಸಿದ್ದ ಅವರು 2000ದಲ್ಲಿ ಗಿಟಾರನ್ನು ಬಹುಮಟ್ಟಿಗೆ ಬದಿಗಿಟ್ಟು, ಯಂತ್ರಧ್ವನಿಗಳಿಂದ ತುಂಬಿದ ಮುದ್ರಿಕೆಯೊಂದನ್ನು ತಂದರು. ಕೇಳಿದವರು ಬೆಚ್ಚಿದರು, ಇಂತಹುದನ್ನು ಕೇಳಿಯೇ ಇಲ್ಲವೆಂದರು. ಆದರೆ ಅದರೊಳಗಿನ ಬಹು ಹೊಸದೆನಿಸುವ ಹಾಡೊಂದಕ್ಕೆ ಬೆನ್ನೆಲುಬಾದ ನಾಲ್ಕು ಸ್ವರಗುಚ್ಛಗಳು, ಪಾಲ್ ಲ್ಯಾನ್ಸ್ಕಿ ಎಂಬ ವಿದ್ವಾಂಸರು 1973ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಕಯಂತ್ರದಲ್ಲಿ ರಚಿಸಿದ ಕೃತಿಯಿಂದ ತೆಗೆದವು. ಲ್ಯಾನ್ಸ್ಕಿಯವರು ಆ ಕೃತಿಗೆ ಬೀಜವಾಗಿಸಿಕೊಂಡದ್ದು 1865ರಲ್ಲಿ ಮೊದಲು ರಂಗವೇರಿದ ವಾಗ್ನರನ ಸಂಗೀತನಾಟಕದ ಒಂದು ಸ್ವರಗುಚ್ಛವನ್ನು. ತಂಡದವರು ಅನುಮತಿ ಕೇಳಿದರು, ಹೆಸರು ಹಾಕಿದರು. ಹೊಸದಕ್ಕೆ ಹೊಸದಾದ ಈ ಹಾಡಿನ ಬೇರು ಹೋಗಿ ನಿಂತದ್ದು ಒಂದೂಕಾಲು ಶತಮಾನಕ್ಕೂ ಹಿಂದೆ.

ಇನ್ನು ಪ್ರಶಸ್ತಿ ಕೊಡುವವರ ಮತ್ತು ಕೇಳುವವರ ವಿಷಯ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯ ಶ್ರೇಷ್ಠ ರಾಕ್ ಮುದ್ರಿಕೆಯ ಪ್ರಶಸ್ತಿ ಬಂದದ್ದು ರೋಲಿಂಗ್ ಸ್ಟೋನ್ಸ್ ತಂಡಕ್ಕೆ. ಜ್ಯಾಗರ್ ಮತ್ತು ರಿಚರ್ಡ್ಸ್ ಇಬ್ಬರಿಗೂ ಆಗ 81 ವರ್ಷ. ಶ್ರೇಷ್ಠ ರಾಕ್ ಗಾಯನದ ಪ್ರಶಸ್ತಿ ಬೀಟಲ್ಸ್ ತಂಡಕ್ಕೆ. ಅವರಲ್ಲಿ ಜಾನ್ ಲೆನನ್ 1980ರಲ್ಲಿಯೂ ಹ್ಯಾರಿಸನ್ 2001ರಲ್ಲಿಯೂ ತೀರಿಕೊಂಡವರು. ಲೆನನ್ ಹಿಂದೆಂದೋ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ದನಿಯನ್ನು ಹೊಸ ಯಂತ್ರವಿದ್ಯೆಯಿಂದ ಬೇರ್ಪಡಿಸಿ ಮಾಡಿದ ಹಾಡು ಅದು. ಹಿರಿಯರಿಗೆ ನನ್ನ ನಮಸ್ಕಾರ. ಆದರೆ ತರುಣರಿಗೆ ‘ಹೊಸದನ್ನು ತಾ’ ಎಂದು ಗದರಿಸಿ, ಮಾಲೆಯನ್ನು ಮಾತ್ರ ಹಳಬರ ಕೊರಳಿಗೇ ಹಾಕುವ ಲೋಕದಲ್ಲಿ ನನ್ನ ಅಳಿಯನ ಗಿಟಾರು ಗೋಡೆಗೊರಗಿದ್ದರೆ ಅದೇನು ಆಶ್ಚರ್ಯ?

ಅದೇ ವರ್ಷದ ಬೇಸಗೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ವೆಲ್ವೆಟ್ ಸನ್‌ಡೌನ್ ಎಂಬ ತಂಡದ ಹಾಡುಗಳು ಸ್ಪಾಟಿಫೈನಲ್ಲಿ ಕಾಣಿಸಿಕೊಂಡು, ಕೆಲವೇ ವಾರಗಳಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರನ್ನು ಸಂಪಾದಿಸಿದವು. 1970ರ ದಶಕದ ಇಂಪಾದ ರಾಕ್ ಹಾಡುಗಳಂತಹ ಹಾಡುಗಳು. ನಾಲ್ವರು ಗಾಯಕರ ಭಾವಚಿತ್ರಗಳೂ ಇದ್ದವು. ಆಮೇಲೆ ತಿಳಿದುಬಂತು: ಅಂತಹ ನಾಲ್ವರು ಇರಲೇ ಇಲ್ಲ, ಹಾಡು, ದನಿ, ಚಿತ್ರ ಎಲ್ಲವೂ ಕೃತಕ ಬುದ್ಧಿಯ ಯಂತ್ರದ ನೆರವಿನಿಂದ ಆದವೆಂದು ಅದನ್ನು ನಡೆಸುತ್ತಿದ್ದವರೇ ಒಪ್ಪಿಕೊಂಡರು. ನಾನೂ ಒಂದೆರಡನ್ನು ಕೇಳಿದೆ. ಅಪಸ್ವರವಿಲ್ಲ. ಎಲ್ಲಿಯೂ ಉಸಿರು ಕಟ್ಟಿಲ್ಲ. ಮುಗಿದ ಮೇಲೆ ಅದು ಯಾತರ ಹಾಡೆಂದು ಹೆಂಡತಿ ಕೇಳಿದರೆ ಹೇಳಲು ನನಗೆ ಒಂದು ಮಾತೂ ನೆನಪಿರಲಿಲ್ಲ. ಹಳೆಯದರಂತೆ ಕೇಳಿಸುವುದಷ್ಟೇ ಗುರಿಯಾದರೆ ಆ ಕೆಲಸವನ್ನು ಇನ್ನು ಮುಂದೆ ಮನುಷ್ಯರು ಮಾಡಬೇಕಾಗಿಯೇ ಇಲ್ಲ.

ಆ ಭಾನುವಾರ ಇಷ್ಟೆಲ್ಲವನ್ನೂ ನಾನು ಹುಡುಗನಿಗೆ ಹೇಳಲಿಲ್ಲ. ಆಗ ತೋಚಿಯೂ ಇರಲಿಲ್ಲ. “ಬಂದದ್ದು ಬಂದೆ, ಆ ಹಾಡನ್ನು ನನಗೂ ಒಮ್ಮೆ ಕೇಳಿಸು” ಎಂದೆ. ಒಲ್ಲದ ಮನಸ್ಸಿನಿಂದ ಎತ್ತಿಕೊಂಡು ಬಾರಿಸಿದ. ಇಂಗ್ಲಿಷ್ ಹಾಡು. ಗಿಟಾರಿನ ನುಡಿ ಗಟ್ಟಿಯಾಗಿತ್ತು. ಅದು ಯಾರದ್ದೋ ಇರಬಹುದು, ನನಗೆ ಅದರ ಚಿಂತೆಯಿರಲಿಲ್ಲ. ಆದರೆ ಹಾಡಿನ ನಡುವೆ ಒಂದು ಮಧ್ಯರಾತ್ರಿಯ ರೈಲು ಬಂತು. ಅದು ಪ್ರಿಯತಮೆಯನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟುಹೋಯಿತು. ಆಮೇಲೆ ಒಂದು ದೂಳು ತುಂಬಿದ ಹೆದ್ದಾರಿ, ಒಂದು ಶೀಷೆ ವಿಸ್ಕಿ.

“ಆ ರೈಲು ಯಾವುದಪ್ಪ?” ಎಂದು ಕೇಳಿದೆ.

“ಯಾವುದೂ ಅಲ್ಲ ಮಾವ. ಬ್ಲೂಸ್ ಅಂದಮೇಲೆ ರೈಲು ಬಂದೇ ಬರುತ್ತದೆ.”

“ವಿಸ್ಕಿ?”

“ಛೆ, ನಾನು ಕುಡಿಯುವುದಿಲ್ಲ.”

ತೀರ್ಪುಗಾರರು ಬೆರಳಿಟ್ಟದ್ದು ಗಿಟಾರಿನ ಮೇಲೆ. ಇಡಬೇಕಾಗಿದ್ದದ್ದು ಈ ರೈಲಿನ ಮೇಲೆ ಎಂದು ನನಗೆ ಆಗ ಅನ್ನಿಸಿತು. ಮಿಸಿಸಿಪಿಯ ಕರಿಯ ಗಾಯಕರ ಹಾಡಿನಲ್ಲಿ ರೈಲು ಬಂದದ್ದು ಅಲಂಕಾರಕ್ಕಲ್ಲ. ಹೊಲದ ಜೀತ ಬಿಟ್ಟು ಚಿಕಾಗೋವಿಗೆ ಓಡಿಹೋಗಲು ಇದ್ದ ದಾರಿಯೇ ಅದು. ಮಡ್ಡಿ ವಾಟರ್ಸ್ ಹೋದದ್ದೂ ರೈಲಿನಲ್ಲಿಯೇ. ಹನ್ನೆರಡು ಆವರ್ತಗಳ ಚೌಕಟ್ಟನ್ನು ಯಾರು ಬೇಕಾದರೂ ಎರವಲು ತರಬಹುದು. ಅವರ ರೈಲನ್ನು ತಂದರೆ ಅದು ಇಲ್ಲಿಯ ಹಳಿಯ ಮೇಲೆ ಓಡುವುದಿಲ್ಲ. ನಮ್ಮವರೇ ಆದ ರಘು ದೀಕ್ಷಿತ್ ಅವರು 2008ರಲ್ಲಿ ಹೊರತಂದ ಮುದ್ರಿಕೆಯಲ್ಲಿ ಗಿಟಾರು, ಡ್ರಮ್ಮು ಎಲ್ಲವೂ ಪಶ್ಚಿಮದವೇ. ಅವುಗಳ ನಡುವೆ ಕೂರಿಸಿದ್ದು 1889ರಲ್ಲಿ ದೇಹಬಿಟ್ಟ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು. ಅದೇ ಶರೀಫರ ಪದಗಳನ್ನು ಅದಕ್ಕೂ ಮೊದಲು ಸಿ. ಅಶ್ವತ್ಥ್ ಬೇರೆಯೇ ಧಾಟಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ್ದರು. ಶಬ್ದವೂ ಹಳೆಯದು, ಸದ್ದೂ ಎರವಲು. ಆದರೂ ಕೇಳಿದರೆ ಇನ್ನೊಬ್ಬರ ಮನೆಯಲ್ಲಿ ಕುಳಿತಂತೆ ಅನ್ನಿಸುವುದಿಲ್ಲ. ಎಲ್ಲರೂ ಶರೀಫರನ್ನೇ ಹಾಡಬೇಕೆಂದು ನನ್ನ ಮಾತಿನ ಅರ್ಥವಲ್ಲ. ಈ ಹುಡುಗ ಇಂಗ್ಲಿಷಿನಲ್ಲಿಯೇ ಹಾಡಿಕೊಳ್ಳಲಿ. ಅವನು ಓದಿದ್ದು, ಗೆಳೆಯರೊಡನೆ ಜಗಳವಾಡುವುದು ಎಲ್ಲ ಅದರಲ್ಲೇ.

“ನಿಮ್ಮ ಮನೆಯ ಹಿಂದೆಯೇ ಮಲ್ಲೇಶ್ವರದ ರೈಲು ಹಳಿ ಇದೆಯಲ್ಲೋ” ಎಂದೆ. “ಹುಟ್ಟಿದಂದಿನಿಂದ ಅದರ ಸದ್ದಿಗೆ ನಿದ್ದೆಗೆಟ್ಟವನು ನೀನು. ನಿನ್ನ ತೊಟ್ಟಿಲು ತೂಗಿ ತೂಗಿ ನನ್ನ ತಂಗಿಗೆ ತೋಳು ಬಿದ್ದುಹೋಗಿತ್ತು. ಆ ರೈಲನ್ನು ನಿನ್ನ ಹಾಡಿಗೆ ಏಕೆ ಹತ್ತಿಸಲಿಲ್ಲ?”

ಅವನು ನಕ್ಕ. “ಅದು ತುಮಕೂರಿಗೆ ಹೋಗುತ್ತದೆ ಮಾವ. ತುಮಕೂರಿನ ರೈಲಿನ ಮೇಲೆ ಯಾರಾದರೂ ರಾಕ್ ಹಾಡು ಬರೆಯುತ್ತಾರೆಯೇ?” ಎಂದು ಹೇಳಿ, ಗಿಟಾರನ್ನು ಮತ್ತೆ ಗೋಡೆಗೊರಗಿಸಿ ಹೊರಟುಹೋದ. ಹೋಗುವಾಗ ಕಾಫಿಯನ್ನೂ ಕುಡಿಯಲಿಲ್ಲ.

ಮೂರು ದಿನ ಸುದ್ದಿಯಿಲ್ಲ. ಗುರುವಾರ ರಾತ್ರಿ ಅವನ ತಂದೆಯೇ ಫೋನ್ ಮಾಡಿದರು. ದನಿಯಲ್ಲಿ ಕೋಪವಿತ್ತು. “ಭಾವ, ಹುಡುಗನಿಗೆ ಏನು ಹೇಳಿದಿರಿ ನೀವು? ನಿನ್ನೆಯಿಂದ ಹಿತ್ತಿಲ ಗೋಡೆಯ ಮೇಲೆ ಕುಳಿತು, ರೈಲು ಬಂದಾಗಲೆಲ್ಲ ಫೋನು ಹಿಡಿದು ಅದರ ಸದ್ದು ತುಂಬಿಸಿಕೊಳ್ಳುತ್ತಿದ್ದಾನೆ. ಪರೀಕ್ಷೆ ಹದಿನೈದು ದಿನ ಇದೆ” ಎಂದರು. ಸ್ವಲ್ಪ ತಡೆದು, “ಗೂಡ್ಸ್ ಗಾಡಿಯ ತಾಳ ಬೇರೆಯಂತೆ, ಪ್ಯಾಸೆಂಜರ್ ಗಾಡಿಯ ತಾಳ ಬೇರೆಯಂತೆ. ನನ್ನನ್ನೂ ಕೂರಿಸಿಕೊಂಡು ಕೇಳಿಸಿದ. ಬೇರೆಯೇ” ಎಂದರು.

ನಾಳೆ ಅವನು ಗಿಟಾರನ್ನು ಒಯ್ಯಲು ಬರುವನಂತೆ.